ಒಡಹುಟ್ಟಿದವರ ಹಾಡು: ಕೆಲವು ಟಿಪ್ಪಣಿಗಳು

ಈಚೆಗೆ ನಾನು ಅರಕಲಗೂಡಿನ ಮನೆಯಲ್ಲಿ ಮತ್ತೆ ಮತ್ತೆ ಹಾಕಿಕೊಂಡು ಕೇಳುತ್ತಿರುವುದು 1968ರ ಒಂದು ಅಮೆರಿಕನ್ ಆಲ್ಬಂ. ತಂಡ ‘ದಿ ಫ್ರೀ ಡಿಸೈನ್’. ಆಲ್ಬಂ ‘ಯು ಕುಡ್ ಬಿ ಬಾರ್ನ್ ಅಗೇನ್’, ಅವರ ಎರಡನೆಯದು. ಈ ಬಗೆಯ ಸಂಗೀತಕ್ಕೆ ಸನ್‌ಶೈನ್ ಪಾಪ್ ಎನ್ನುತ್ತಾರೆ. ಅದರ ತವರು ಕ್ಯಾಲಿಫೋರ್ನಿಯಾ. ಇವರು ಮಾತ್ರ ನ್ಯೂಯಾರ್ಕಿನ ಕಡೆಯವರು. ಕ್ರಿಸ್, ಬ್ರೂಸ್, ಸ್ಯಾಂಡಿ ಡೆಡ್ರಿಕ್, ಒಂದೇ ಮನೆಯ ಮಕ್ಕಳು. ತಂದೆ ಆರ್ಟ್ ಡೆಡ್ರಿಕ್ ಟ್ರಾಂಬೋನ್ ನುಡಿಸುತ್ತಿದ್ದವರು, ವಾದ್ಯಸಂಯೋಜಕರು.

ಹಾಡುಗಳಲ್ಲಿ ಎಲ್ಲೆಲ್ಲೂ ಬೆಳಕು. ಮಾತುಗಳೂ ಸರಳ. ಆದರೆ ಕೇಳಿ ಮುಗಿಸಿ ಗುನುಗಲು ಹೋದರೆ ಒಂದೂ ಬಾಯಿಗೆ ಸಿಗುವುದಿಲ್ಲ. ಇಷ್ಟು ಹಗುರಾಗಿ ಕೇಳುವ ಹಾಡು ಹಾಡಲು ಇಷ್ಟು ಕಷ್ಟ ಯಾಕೆ?

ಈ ಆಲ್ಬಮ್ಮಿನಲ್ಲಿ ಬೇರೆಯವರ ಹಾಡುಗಳೂ ಇವೆ. ಬೀಟಲ್ಸ್‌ನ ‘ಎಲಿನಾರ್ ರಿಗ್ಬಿ’, ಮಾಮಾಸ್ ಅಂಡ್ ದಿ ಪಾಪಾಸ್‌ನ ‘ಕ್ಯಾಲಿಫೋರ್ನಿಯಾ ಡ್ರೀಮಿನ್’. ಮೊದಲೇ ಗೊತ್ತಿರುವ ಹಾಡಾದ್ದರಿಂದ ಇವರ ಕೈಚಳಕ ಎಲ್ಲಿದೆಯೆಂದು ಇವುಗಳಲ್ಲಿ ಚೆನ್ನಾಗಿ ಕಾಣುತ್ತದೆ. ಒಟ್ಟಿಗೆ ಹಾಡುವ ದನಿಗಳಲ್ಲಿ ನಾನು ಮೇಲಿನದನ್ನು ಬಿಟ್ಟು ನಡುವಿನ ದನಿಯೊಂದರ ಬೆನ್ನು ಹತ್ತಿದೆ. ಅದು ಎರಡು ಸ್ವರ ಮೇಲೇರಿ ಅಲ್ಲೇ ನಿಲ್ಲುತ್ತದೆ, ಪಕ್ಕದ ದನಿ ಇಳಿಯುವಾಗ ಇದು ಕದಲುವುದಿಲ್ಲ, ಮತ್ತೆಲ್ಲೋ ಅರ್ಧ ಸ್ವರ ಜಾರುತ್ತದೆ. ಅದೊಂದನ್ನೇ ಹಾಡಿದರೆ ಯಾವ ಹಾಡೆಂದು ಯಾರಿಗೂ ತಿಳಿಯದು. ಉಳಿದವರ ದನಿ ಸೇರಿದಾಗಲೇ ಅದಕ್ಕೆ ಅರ್ಥ. ಹಾಡು ಒಬ್ಬೊಬ್ಬರ ಬಳಿ ತುಂಡುತುಂಡಾಗಿದೆ. ಇಡಿಯಾಗಿ ಯಾರ ಬಳಿಯೂ ಇಲ್ಲ.

ಅರಕಲಗೂಡಿನವರಿಗೆ ಒಡಹುಟ್ಟಿದವರ ಹಾಡೆಂದರೆ ಮೊದಲು ನೆನಪಾಗುವುದು ರುದ್ರಪಟ್ಟಣ. ನಮ್ಮದೇ ತಾಲ್ಲೂಕು, ಕಾವೇರಿಯ ದಂಡೆ, ಸಂಕೇತಿ ಸಮುದಾಯದವರ ಊರು. ಪಿಟೀಲಿನ ಆರ್.ಕೆ. ವೆಂಕಟರಾಮಶಾಸ್ತ್ರಿಗಳು, ಆರ್.ಕೆ. ನಾರಾಯಣಸ್ವಾಮಿ, ಆರ್.ಕೆ. ರಾಮನಾಥನ್, ಆರ್.ಕೆ. ಶ್ರೀಕಂಠನ್ ಎಲ್ಲರೂ ಅಣ್ಣತಮ್ಮಂದಿರು. 1920ರಲ್ಲಿ ಹುಟ್ಟಿದ ಶ್ರೀಕಂಠನ್ ತೊಂಬತ್ತು ದಾಟಿದ ಮೇಲೂ ಕಛೇರಿ ಮಾಡಿದರು. 2011ರಲ್ಲಿ ಪದ್ಮಭೂಷಣ ಬಂತು, 2014ರಲ್ಲಿ ತೀರಿಕೊಂಡರು. ನಾರಾಯಣಸ್ವಾಮಿಯವರ ಮಕ್ಕಳಾದ ಆರ್.ಎನ್. ತ್ಯಾಗರಾಜನ್ ಮತ್ತು ಆರ್.ಎನ್. ತಾರಾನಾಥನ್ ‘ರುದ್ರಪಟ್ಟಣ ಸಹೋದರರು’ ಎಂದೇ ಪ್ರಸಿದ್ಧರು. ತಾರಾನಾಥನ್ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ವಿಜ್ಞಾನಿಯೂ ಆಗಿದ್ದವರು. ಈಗ ಊರಿನಲ್ಲಿ ತಂಬೂರಿಯ ಆಕಾರದ ಒಂದು ಮಂದಿರವೇ ಇದೆ; ವಿದ್ವಾನ್ ಆರ್.ಕೆ. ಪದ್ಮನಾಭ ಅವರ ಶ್ರಮದಿಂದ ಆದದ್ದು.

ಆಲ್ಬಂ ಕೇಳಿದ ಮೇಲೆ ರುದ್ರಪಟ್ಟಣ ಸಹೋದರರ ಹಾಡಿಕೆಯನ್ನೂ ಕೇಳಿದೆ. ಇಲ್ಲಿ ರೀತಿಯೇ ಪೂರ್ತಿ ಬೇರೆ. ಪಲ್ಲವಿಯಲ್ಲಿ ಇಬ್ಬರದೂ ಒಂದೇ ಸಾಲು, ಒಂದೇ ಸ್ವರ. ಅದೇ ಸಾಲನ್ನು ಬಗೆಬಗೆಯಾಗಿ ಬೆಳೆಸುವ ನೆರವಲ್‌ಗೆ ಬಂದಾಗ ಸರದಿಯ ಮೇಲೆ ಒಬ್ಬರಾದ ಮೇಲೆ ಒಬ್ಬರು. ಬೇರೆ ಬೇರೆ ಸ್ವರಗಳನ್ನು ಒಟ್ಟಿಗೆ ಹಿಡಿಯುವುದಿಲ್ಲ. ಇಬ್ಬರು ಒಂದನ್ನೇ ಹಾಡುವುದಾದರೆ ಇಬ್ಬರು ಯಾತಕ್ಕೆ ಎಂದು ಹೊರಗಿನವರು ಕೇಳಬಹುದು. ನನ್ನನ್ನೂ ಈ ಪ್ರಶ್ನೆ ಬಹಳ ಕಾಡಿತು.

ಉತ್ತರ ತೋಡಿ ರಾಗದಲ್ಲಿ ಸಿಕ್ಕಿತು ಅನಿಸುತ್ತದೆ. ತೋಡಿಯ ಗಾಂಧಾರ ಒಂದು ಕಡೆ ನಿಲ್ಲುವ ಸ್ವರವಲ್ಲ. ರಿಷಭಕ್ಕೂ ಮಧ್ಯಮಕ್ಕೂ ನಡುವೆ ತೂಗುತ್ತಲೇ ಇರಬೇಕು. ನಿಂತರೆ ತೋಡಿಯೇ ಅಲ್ಲ. ಗಮಕವೆನ್ನುವ ಈ ತೂಗಾಟವನ್ನು ಇಬ್ಬರು ಒಂದೇ ವೇಗದಲ್ಲಿ, ಒಂದೇ ಅಗಲದಲ್ಲಿ, ಒಟ್ಟಿಗೆ ಶುರುಮಾಡಿ ಒಟ್ಟಿಗೆ ಮುಗಿಸಬೇಕು. ಒಬ್ಬರ ಗಮಕ ಕೂದಲೆಳೆಯಷ್ಟು ಮುಂದೆ ಹೋದರೂ ಕಿವಿಗೆ ಒರಟು. ಡೆಡ್ರಿಕ್ ಮಕ್ಕಳ ಹಾಡಿನಲ್ಲಿ ಸ್ವರ ಕದಲಬಾರದು, ಕದಲಿದರೆ ಅದರ ಮೇಲೆ ಇನ್ನೊಂದನ್ನು ಇಡಲಾಗದು. ನಮ್ಮಲ್ಲಿ ಸ್ವರ ಕದಲಲೇಬೇಕು. ಹಾಗಾಗಿ ಜೊತೆಗಾರಿಕೆಯ ಕಷ್ಟವೆಲ್ಲ ಆ ಕದಲಿಕೆಯನ್ನು ಹೊಂದಿಸುವುದರಲ್ಲೇ ಇದೆ. ಅಲ್ಲಿಯೂ ಇಲ್ಲಿಯೂ ಒಡಹುಟ್ಟಿದವರೇ ಗೆಲ್ಲುವುದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ: ಒಂದೇ ಮನೆಯ ಉಚ್ಚಾರ, ಒಂದೇ ಬಗೆಯ ಕಂಠ, ಚಿಕ್ಕಂದಿನಿಂದ ಒಟ್ಟಿಗೆ ತೆಗೆದುಕೊಂಡ ಉಸಿರು.

ಕನ್ನಡದಲ್ಲಿ ಇವೆರಡರ ನಡುವೆ ಒಂದು ದಾರಿ ಇತ್ತು. ಪಿ. ಕಾಳಿಂಗರಾಯರು (1914–1981) ಮತ್ತು ಅವರೊಂದಿಗೆ ಹಾಡುತ್ತಿದ್ದ ಮೋಹನಕುಮಾರಿ, ಸೋಹನಕುಮಾರಿ ಸಹೋದರಿಯರು. ಕಾಳಿಂಗರಾಯರು ನವೋದಯ ಕವಿಗಳನ್ನೂ ಜಾನಪದವನ್ನೂ ಪಾಶ್ಚಾತ್ಯ ವಾದ್ಯಗಳ ಜೊತೆಗೆ ಹಾಡಿದರು. 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ನಿಮಿಷ ಚಿಲ್ಲರೆ ಜಾಗ. ಅಷ್ಟರಲ್ಲೇ ಮುನ್ನುಡಿ ನುಡಿಸಿ, ಮೂರು ಕಂಠ ಸೇರಿಸಿ, ಹಾಡು ಮುಗಿಸಬೇಕು. ಅಮೆರಿಕದಲ್ಲಿ ಆಗಲೇ ಎಲ್‌ಪಿ ಇತ್ತು, ನಲವತ್ತು ನಿಮಿಷದವರೆಗೆ ಹರಡಿಕೊಳ್ಳಬಹುದಿತ್ತು. ಆ ಸೌಕರ್ಯ ಮೊದಲಿನಿಂದಲೇ ಸಿಕ್ಕಿದ್ದರೆ ಕಾಳಿಂಗರಾಯರು ಏನು ಮಾಡುತ್ತಿದ್ದರೋ. ಅವರಿಗೆ ಸಿಗಬೇಕಾಗಿತ್ತು.

ಇನ್ನೊಂದು ಗೊಂದಲ. ಫ್ರೀ ಡಿಸೈನ್ ತಂಡದ ಇಷ್ಟು ಚೆಂದದ ಆಲ್ಬಂ ಯಾಕೆ ಓಡಲಿಲ್ಲ? 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆ, ಜೂನ್‌ನಲ್ಲಿ ರಾಬರ್ಟ್ ಕೆನಡಿ ಹತ್ಯೆ, ವಿಯೆಟ್ನಾಂ ಯುದ್ಧ ಬೇರೆ. ಆ ವರ್ಷ ಇಷ್ಟು ತಿಳಿಯಾದ ದನಿಯನ್ನು ಕೇಳುವ ಮನಸ್ಸು ಜನಕ್ಕೆ ಇರಲಿಲ್ಲವೇನೋ. 1967ರಿಂದ 1972ರ ತನಕ ಏಳು ಆಲ್ಬಂ ಮಾಡಿ ತಂಡ ಸುಮ್ಮನಾಯಿತು. ತೊಂಬತ್ತರ ದಶಕದಲ್ಲಿ ಜಪಾನಿನ ಯುವ ಸಂಗೀತಗಾರರು ಇವರನ್ನು ಹುಡುಕಿ ಇವರ ಆಲ್ಬಮ್ಮುಗಳನ್ನು ಮತ್ತೆ ಹೊರತಂದರು. 2001ರಲ್ಲಿ ಡೆಡ್ರಿಕ್ ಮಕ್ಕಳು ಮತ್ತೆ ಸೇರಿ ಇನ್ನೊಂದು ಆಲ್ಬಂ ಮಾಡಿದರು.

ಅವರ ಹಾಡು ಕಾಗದದ ಮೇಲೆ, ಒಬ್ಬೊಬ್ಬರ ಪಾಲು ಬೇರೆ ಬೇರೆಯಾಗಿ ಬರೆದಿಡಬಹುದಾದದ್ದು. ಮೂವತ್ತು ವರ್ಷ ಕಳೆದು ಎತ್ತಿಕೊಂಡರೂ ಸಿಗುತ್ತದೆ. ಇಬ್ಬರು ಅಣ್ಣತಮ್ಮಂದಿರು ತೋಡಿಯ ಗಾಂಧಾರವನ್ನು ಹೇಗೆ ಹೊಂದಿಸಿಕೊಂಡರು, ಅಭ್ಯಾಸದಲ್ಲಿ ಯಾರು ಯಾರಿಗೆ ಕಾದರು ಎಂಬುದು ಹಾಗೆ ಕಾಗದಕ್ಕೆ ಇಳಿಯುವುದಿಲ್ಲ, ಹಾಡಿದವರೇ ಹೇಳಬೇಕು. ಅರಕಲಗೂಡು, ಹೊಳೆನರಸೀಪುರ, ಹಾಸನದ ಮನೆಗಳಲ್ಲಿ ಜೋಡಿಯಾಗಿ ಹಾಡಿ ಬೆಳೆದ ಹಿರಿಯರು ಇದ್ದರೆ, ಅವರ ಮಕ್ಕಳು ಮೊಮ್ಮಕ್ಕಳು ದಯವಿಟ್ಟು ಪಕ್ಕದಲ್ಲಿ ಕೂತು ಕೇಳಿ, ಮೊಬೈಲಿನಲ್ಲಾದರೂ ಅವರ ದನಿ, ಅವರ ಮಾತು ಎರಡನ್ನೂ ಹಿಡಿದಿಡಿ.