ಮಳೆಯ ಲೆಕ್ಕ

ಕೊಟ್ಟಿಗೆಹಾರದಲ್ಲಿ ಬಸ್ಸಿಳಿದವರು ನೀರುದೋಸೆ ತಿಂದು ಘಾಟಿಯಿಳಿದು ಹೋಗುತ್ತಾರೆ. ನಾಲ್ಕು ದಿನ ನಿಂತವರಿಗೆ ಮಾತ್ರ ಈ ಊರಿನ ನಿಜವಾದ ವ್ಯಸನ ತಿಳಿದೀತು. ಅದು ಮಳೆಯ ಲೆಕ್ಕ. ಇಲ್ಲಿಯ ಕಾಫಿ ತೋಟಗಾರರು ಹೂಮಳೆಯಿಂದ ಹಿಡಿದು ಆಶ್ಲೇಷದವರೆಗೆ ಎಲ್ಲವನ್ನೂ ಇಂಚು, ಸೆಂಟುಗಳಲ್ಲಿ ಅಳೆದು ಬರೆದಿಡುವವರು. ಮನೆಯ ಖರ್ಚಿಗೆ ಇಷ್ಟು ಕಟ್ಟುನಿಟ್ಟಾದ ಲೆಕ್ಕವಿರುವುದು ಸಂದೇಹ!

ಸ್ನೇಹಿತರೊಬ್ಬರು ಅಂಥ ಪುಸ್ತಕ ತೆಗೆದು 2019ರ ಆಗಸ್ಟಿನ ಪುಟ ತೋರಿಸಿದರು. ಆ ದಿನಗಳಲ್ಲಿಯೇ ಚಾರ್ಮಾಡಿ ಘಾಟಿ ಕುಸಿದು ರಸ್ತೆ ಮುಚ್ಚಿದ್ದು, ಮಲೆಮನೆಯಲ್ಲಿ ಗುಡ್ಡ ಜರಿದು ಮನೆಗಳು ಹೋದದ್ದು. ತೋಟ ಹೋಯಿತೆಂದರೆ ಗಿಡ ಸತ್ತವೆಂದಲ್ಲ; ನೆಲವೇ ಹರಿದುಹೋಯಿತೆಂದು ಅರ್ಥ. ಪಹಣಿಯಲ್ಲಿ ಮಾತ್ರ ಎಕರೆ, ಗುಂಟೆ ಹಾಗೆಯೇ ಇರುತ್ತದೆ.

ಇಂಥದೇ ಲೆಕ್ಕ ಉತ್ತರಧ್ರುವದ ಸಮೀಪವೂ ನಡೆದಿದೆ. ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ 2008ರಲ್ಲಿ ಭಾರತ ‘ಹಿಮಾದ್ರಿ’ ಕೇಂದ್ರವನ್ನು ತೆರೆಯಿತು. 2014ರಲ್ಲಿ ನಾರ್ವೆಯವರ ನೆರವಿನಿಂದ ಅಲ್ಲಿಯ ಕಡಲಿನೊಳಗೆ ನಮ್ಮವರು ಮಾಪಕಗಳನ್ನು ಇಳಿಬಿಟ್ಟರು. ಅಲ್ಲಿ ಕರಗುವ ಮಂಜುಗಡ್ಡೆಗೂ ಇಲ್ಲಿ ಸುರಿಯುವ ಮುಂಗಾರಿಗೂ ಏನು ನಂಟೆಂದು ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಅಳೆಯುವುದರಲ್ಲಿ ದೇಶ ದೇಶಗಳು ಚೆನ್ನಾಗಿಯೇ ಕೂಡಿ ಬಾಳುತ್ತವೆ. ತೆರುವ ಮಾತು ಬಂದಾಗ ಎಲ್ಲರಿಗೂ ಕೆಮ್ಮು. ಹವೆ ಕೆಟ್ಟು ನೊಂದ ಬಡ ನಾಡುಗಳಿಗೆ ನಷ್ಟ ತುಂಬಿಕೊಡಲು ಒಂದು ನಿಧಿ ಬೇಕೆಂದು ಒಪ್ಪುವ ಹೊತ್ತಿಗೆ 2022 ಬಂದಿತ್ತು.

ಇದನ್ನೆಲ್ಲ ಸ್ನೇಹಿತರಿಗೆ ಹೇಳಿದೆ. ಅವರು ಪುಸ್ತಕ ಮುಚ್ಚಿ ಕೇಳಿದರು:

“ಅಲ್ಲ ಮಾರಾಯ್ರೆ, ಆ ನಿಧಿಯಲ್ಲಿ ಜರಿದುಹೋದ ಮಣ್ಣಿಗೆ ಎಕರೆಗೆ ಎಷ್ಟು ಹಾಕುತ್ತಾರಂತೆ?”