ಒಂದೇ ಬೆಟ್ಟ, ಎರಡು ಕಡಲು

ಮಕ್ಕಳೇ, ಪುಣೆಯಿಂದ ಗೋವಾಕ್ಕೆ ರಾತ್ರಿ ರೈಲಿನಲ್ಲಿ ಹೋಗುವಾಗ ನೀವೆಲ್ಲ ಲೋಂಡಾ ದಾಟುವ ಹೊತ್ತಿಗೆ ಗಾಢನಿದ್ದೆಯಲ್ಲಿರುತ್ತೀರಿ. ಮುಂದಿನ ಸಲ ಆ ಘಟ್ಟವನ್ನು ಹಗಲಿನಲ್ಲಿ ನೋಡಿ. ಲೋಂಡಾದಿಂದ ಮುಂದೆ ಕಾಡಿನ ನಡುವೆ ಕ್ಯಾಸಲ್ ರಾಕ್ ಎಂಬ ಪುಟ್ಟ ನಿಲ್ದಾಣ ಬರುತ್ತದೆ. ಅದು ಕರ್ನಾಟಕದ ಅಂಚು. ಅಲ್ಲಿಂದ ರೈಲು ಸುರಂಗಗಳನ್ನು ಹಾಯುತ್ತ, 310 ಮೀಟರ್ ಎತ್ತರದ ದೂಧಸಾಗರ ಜಲಪಾತದ ಎದುರೇ ಹಾದು, ಗೋವಾದ ಕುಳೆಂಗೆ ಇಳಿಯುತ್ತದೆ.

1888ರಲ್ಲಿ ಈ ಹಳಿ ಬಂದಾಗ ಘಟ್ಟದ ಮೇಲೆ ಬ್ರಿಟಿಷರು, ಕೆಳಗೆ ಪೋರ್ಚುಗೀಸರು. ಗಡಿಯಲ್ಲಿ ಸುಂಕದವರು ಪ್ರಯಾಣಿಕರ ಪೆಟ್ಟಿಗೆ ಬಿಚ್ಚಿಸಿ ನೋಡುತ್ತಿದ್ದರು. 1955ರ ಆಗಸ್ಟ್ 15ರಂದು ಗೋವಾ ವಿಮೋಚನೆಗೆಂದು ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು. ಆ ವರ್ಷವೇ ರೈಲು ಸಂಚಾರವೂ ನಿಂತಿತು. 1961ರ ಡಿಸೆಂಬರಿನಲ್ಲಿ ಗೋವಾ ಭಾರತಕ್ಕೆ ಸೇರಿತು.

ಸುಂಕದ ಕಟ್ಟೆ ಹೋಯಿತು, ನೀರಿನ ತಕರಾರು ಬಂತು. ಸಹ್ಯಾದ್ರಿಯ ಇದೇ ಸಾಲಿನಲ್ಲಿ, ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಪೂರ್ವಕ್ಕೆ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಅದೇ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ತಿರುಗಿ, ಗೋವಾದಲ್ಲಿ ಮಾಂಡೋವಿ ಎನಿಸಿ, ಪಣಜಿಯ ಬಳಿ ಅರಬ್ಬೀ ಸಮುದ್ರ ಸೇರುತ್ತಾಳೆ. ಮಹದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂಬುದೇ ಕಳಸಾ-ಬಂಡೂರಿ ಯೋಜನೆ. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ನೀರು ಹಂಚಿತು. ಜಗಳ ಮಾತ್ರ ಮುಗಿದಿಲ್ಲ.

ನನ್ನ ತವರು ನವಲಗುಂದದ ಕಡೆ. ಬೇಸಿಗೆಯಲ್ಲಿ ಅವ್ವ ಕೆರೆಯಿಂದ ಕೊಡ ಹೊತ್ತು ತಂದ ನೀರನ್ನು ನಾವು ಅಳೆದು ಕುಡಿದಿದ್ದೇವೆ. ಆದ್ದರಿಂದ ಈ ವಿಷಯದಲ್ಲಿ ನಾನು ಯಾರ ಪರ ಎಂದು ಕೇಳಲೇಬೇಡಿ! ಆದರೆ ನಮ್ಮ ಕಟ್ಟಡದಲ್ಲಿ ಗೋವಾದ ಗೆಳತಿಯೊಬ್ಬಳಿದ್ದಾಳೆ. ಹೊಳೆಯಲ್ಲಿ ನೀರಿಳಿದರೆ ಸಮುದ್ರದ ಉಪ್ಪುನೀರು ಒಳನುಗ್ಗಿ ಗದ್ದೆ ಕೆಡುತ್ತದೆ ಎಂಬ ಭಯ ಅವಳದು. ಅದನ್ನು ಕೇಳಿದ ದಿನ ನಾನು ಸುಮ್ಮನಾದೆ. ಅವಳ ಮುಖದಲ್ಲಿ ಕಂಡದ್ದು ನಮ್ಮವ್ವನ ಚಿಂತೆಯೇ.

ಕಾಲೇಜಿನಲ್ಲಿ ಈ ಮಾತು ಬಂದಾಗ ನಿಮ್ಮ ಊರಿನ ಪರವಾಗಿ ಧಾರಾಳವಾಗಿ ಮಾತಾಡಿ. ಅದಕ್ಕೂ ಮೊದಲು ಒಮ್ಮೆ ಬುತ್ತಿ ಕಟ್ಟಿಕೊಂಡು ಆ ಘಟ್ಟ ನೋಡಿ ಬನ್ನಿ. ಸಾಧ್ಯವಾದರೆ ಗೋವಾದ ಗೆಳೆಯನೊಬ್ಬನನ್ನೂ ಜೊತೆಗೆ ಕರೆದೊಯ್ಯಿರಿ.