ಬಂಡಿಯ ಹಾದಿಯ ಕೀಲು–ಹಳಿ

ಭಾರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬಸ್ಸು, ಟ್ರ್ಯಾಕ್ಟರುಗಳಲ್ಲಿ ಹೋಗುವವರೇ ಈಗ ಹೆಚ್ಚು; ಆದರೂ ಕೊಲ್ಲಾರಿ ಬಂಡಿ ಕಟ್ಟಿ, ಬುತ್ತಿ ಹಾಸಿಗೆಗಳೊಡನೆ ಹೊರಡುವ ಒಕ್ಕಲು ಮನೆತನಗಳು ಇನ್ನೂ ಉಂಟು. ಇವರ ಪಯಣದ ಸುಖವೆಲ್ಲ ಬಂಡಿ ಹೊಡೆಯುವವನ ಕಿವಿಯಲ್ಲಿದೆ. ಅಚ್ಚು ಕಿರುಗುಟ್ಟಿತೆಂದರೆ ಕೀಲೆಣ್ಣೆ ಬತ್ತಿತೆಂದೇ ತಿಳಿಯಬೇಕು. ಕೀಲೆಣ್ಣೆ ಮರೆತು ಬಂದವರು ಅಡಿಗೆಯ ಕುಸುಬೆಯೆಣ್ಣೆಯನ್ನೇ ಸುರಿಯುವುದುಂಟು. ತೆಳುವಾದ ಆ ಎಣ್ಣೆ ಬೇಗನೆ ಸೋರಿಹೋಗುತ್ತದೆ, ಮನೆಯಾಕೆಯ ಮುನಿಸು ಮಾತ್ರ ಗುಡ್ಡದವರೆಗೂ ಉಳಿಯುತ್ತದೆ. ಕಡೆಗೀಲು ಬಿದ್ದುಹೋದರೆ ಜಾಲಿಯ ಗೂಟ ಕೆತ್ತಿ ಬಡಿದರಾಯಿತು.

ಗಾಲಿಯ ಹಳಿ ಸಡಿಲಿದಾಗ ಮಾತ್ರ ವಿವೇಕ ಬೇಕು. ಮಾಘದ ಒಣಹವೆಗೆ ಕಟ್ಟಿಗೆ ಕುಗ್ಗುತ್ತದೆ, ಬಿಸಿಲಿಗೆ ಕಾದ ಕಬ್ಬಿಣ ಹಿಗ್ಗುತ್ತದೆ. ನಡುವೆ ಸಂದು ಬಿದ್ದು ಗಾಲಿ ಗಡಗಡಿಸತೊಡಗುತ್ತದೆ. ರಾತ್ರಿ ಗಾಲಿಗಳನ್ನು ಕಳಚಿ ಹಳ್ಳದ ನೀರಿನಲ್ಲಿ ಕೆಡವಿದರೆ ಬೆಳಗಾಗುವಷ್ಟರಲ್ಲಿ ಕಟ್ಟಿಗೆ ಉಬ್ಬಿ ಹಳಿ ಬಿಗಿಯುತ್ತದೆ. ಆದರೆ ಈ ಬಿಗಿ ನೀರು ಕೊಟ್ಟದ್ದು. ಕಟ್ಟಿಗೆ ಒಣಗಿದಂತೆ ಅದೂ ಹೋಗುತ್ತದೆ. ಸದ್ದಡಗಿತೆಂದು ನಂಬಿ ಇಳಿಜಾರಿನಲ್ಲಿ ಎತ್ತುಗಳನ್ನು ಓಡಿಸಿದರೆ ಹಳಿ ಕಳಚೀತು; ಒಳಗೆ ಕುಳಿತವರು ಮುದುಕರು, ಮಕ್ಕಳು. ಬಲ್ಲವನು ಹುಣ್ಣಿಮೆ ತಪ್ಪಿದರೆ ತಪ್ಪಲಿ ಎಂದು ದಾರಿಯ ಕಮ್ಮಾರನಲ್ಲಿ ನಿಲ್ಲುತ್ತಾನೆ. ಕಮ್ಮಾರನು ಹಳಿಯನ್ನು ಕತ್ತರಿಸಿ, ಕಿರಿದಾಗಿ ಬೆಸೆದು, ಕೆಂಪಗೆ ಕಾಯಿಸಿ, ಗಾಲಿಗೆ ತೊಡಿಸಿ ನೀರು ಹೊಯ್ಯುತ್ತಾನೆ. ಆವಿಯೇಳುತ್ತದೆ, ಕಟ್ಟಿಗೆ ಚಟಪಟಿಸುತ್ತದೆ. ಅಷ್ಟು ಹೊತ್ತೂ ಎತ್ತುಗಳು ಬೇವಿನ ನೆರಳಿನಲ್ಲಿ ಮೆಲುಕಾಡುತ್ತಿರುತ್ತವೆ.